ಎಡಗೈಗೆ ಕೂತ ಕಲ್ಲು

ಕೃಷ್ಣಪ್ಪನ ಎಡಗೈಯನ್ನು ಅವನ ಅಪ್ಪ ಮೊದಲು ಹಗ್ಗದಲ್ಲಿ ಕಟ್ಟಿಹಾಕಿದ. ಅದಕ್ಕೂ ಬಗ್ಗದಿದ್ದಾಗ ಸೌಟು ಕಾಯಿಸಿ ಬರೆ ಹಾಕಿದ. ಆರು ವರ್ಷದ ಹುಡುಗ ಎಡಗೈಯಲ್ಲಿ ಉಣ್ಣುತ್ತಾನೆ ಎನ್ನುವುದೇ ತಪ್ಪು. ಶಾಲೆಗೆ ಹೋದರೆ ಬಳಪ ಹಿಡಿದ ಗೆಣ್ಣಿಗೆ ಮೇಷ್ಟ್ರ ಕೋಲು. ಮೂರನೇ ಕ್ಲಾಸಿಗೇ ಶಾಲೆ ಮುಗಿಯಿತು. ಹೆಸರು ಬರೆಯುವುದಕ್ಕೂ ಬಂದಿರಲಿಲ್ಲ. ಹದಿನೆಂಟಕ್ಕೆ, ಅಪ್ಪ ಮತ್ತೆ ಸೌಟು ಎತ್ತಿದ ದಿನ, ಅದೇ ಎಡಗೈ ಬೀಸಿ ಅಪ್ಪನ ಮುಂದಿನ ಎರಡು ಹಲ್ಲು ಉದುರಿಸಿದ. ಅಪ್ಪ ರಕ್ತ ಉಗಿದು, "ಕೈ ಅಂತೂ ಗಟ್ಟಿ ಉಂಟು" ಎಂದನಂತೆ. ಮಗನಿಗೆ ಆ ಮನೆಯಲ್ಲಿ ಸಿಕ್ಕ ಹೊಗಳಿಕೆ ಅದೊಂದೇ.

ಆಮೇಲೆ ಮೂವತ್ತು ವರ್ಷ ಕಲ್ಲು ಒಡೆದ. ಬಣಕಲ್ ಊರಿನ ಆಚೆ, ಹೊಳೆಯಿಂದ ಸಾಕಷ್ಟು ಮೇಲೆ, ಒಂದು ಜಲ್ಲಿ ಗುಂಡಿ. ಯಾವ ಕಾಲದಲ್ಲೋ ಹೊಳೆ ಅಷ್ಟು ಎತ್ತರದಲ್ಲೇ ಹರಿಯುತ್ತಿತ್ತಂತೆ. ಕಾಫಿ ಗಿಡದ ಬೇರಿನ ಕೆಳಗೆ ಎರಡಾಳು ಆಳ ಮಣ್ಣು ತೆಗೆದರೆ ಬರೀ ಉರುಟು ಕಲ್ಲು. ಕ್ರಷರಿನ ಬಾಯಿಗೆ ಹಿಡಿಸದ ಗುಂಡುಗಳನ್ನು ಸುತ್ತಿಗೆಯಲ್ಲಿ ಸೀಳಿ ಕೊಡುವುದು ಕೃಷ್ಣಪ್ಪನ ಕೆಲಸ. ಸಾಲಾಗಿ ಕೂತು ಒಡೆಯುವವರ ಚಕ್ಕೆಗಳೆಲ್ಲ ಒಂದು ಕಡೆ ಹಾರಿದರೆ ಇವನದು ಇನ್ನೊಂದು ಕಡೆ, ಪಕ್ಕದವನ ಮುಖಕ್ಕೆ. ಅದಕ್ಕೇ ಇವನಿಗೆ ಸಾಲಿನ ಕೊನೆಯ ಒಂಟಿ ಜಾಗ. 'ಎಡಚ' ಎಂದವರನ್ನು ಅವನು ಸುಮ್ಮನೆ ಬಿಟ್ಟವನಲ್ಲ. ಒಬ್ಬನ ಪಕ್ಕೆಲುಬು ಮುರಿದ, ಇನ್ನೊಬ್ಬನ ಮೂಗು. ಎರಡೂ ಠಾಣೆಯಲ್ಲಿ ರಾಜಿಯಾದವು.

ಹೋದ ಮಳೆಗಾಲ ಕಳೆದ ಮೇಲೆ ಗುಂಡಿಯ ಮೂಡಣ ದರೆ, ಆ ಕಡಿದಾದ ಮಣ್ಣಿನ ಗೋಡೆ, ಜರಿಯಿತು. ಜೆಸಿಬಿ ಓಡಿಸುವ ಮುಜಮ್ಮಿಲ್ ಅದನ್ನು ಕೆರೆದು ಸುರಿದ ರಾಶಿಯಲ್ಲಿ ಕೃಷ್ಣಪ್ಪನ ಸುತ್ತಿಗೆ ಒಂದು ಕಲ್ಲಿನ ಮೇಲೆ ಬೀಳದೆ ನಿಂತಿತು. ಅಂಗೈಯಗಲ, ಒಂದು ತುದಿ ಚೂಪು, ಎರಡು ಮಗ್ಗುಲಲ್ಲೂ ಅಂಚು. ಹೊಳೆ ಕಲ್ಲನ್ನು ಉರುಟು ಮಾಡುತ್ತದೆ, ಅಂಚು ಮಾಡುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಮೈತುಂಬ ಪೆಟ್ಟಿನ ಗುರುತು. ಈಚೆಯಿಂದ ಎರಡು, ಆಚೆಯಿಂದ ಒಂದು, ಮತ್ತೆ ಈಚೆಯಿಂದ. ಯಾರೋ ಕೂತು ಒಡೆದದ್ದು.

"ಎಂತದು ಕೃಷ್ಣಣ್ಣ?" ಎಂದು ಮುಜಮ್ಮಿಲ್ ಇಳಿದು ಬಂದು ಹಿಡಿದು ನೋಡಿದ. "ಚುಚ್ತದೆ ಮಾರಾಯ."

ಕೃಷ್ಣಪ್ಪ ಬಲಗೈಯಲ್ಲಿ ಹಿಡಿದ. ಹೌದು, ಚುಚ್ಚಿತು. ಎಡಗೈಗೆ ಬದಲಾಯಿಸಿದ. ಹೆಬ್ಬೆರಳಿಗೆ ಒಂದು ತಗ್ಗು, ಅಂಗೈಗೆ ಒಂದು ಉಬ್ಬು. ಕಲ್ಲು ಕೂತುಬಿಟ್ಟಿತು. ಕತ್ತಿ, ಕತ್ತರಿ, ಗರಗಸ, ಲೋಕದ ಸಾಮಾನೆಲ್ಲ ಬಲಗೈಯವರದೇ. ಈ ಒಂದು ಅವನದು.

ಹುಡುಕುತ್ತ ಹೋದಂತೆ ಇನ್ನೂ ಹದಿಮೂರು ಸಿಕ್ಕವು. ಅವನ್ನು ಗೋಣಿಯಲ್ಲಿ ತುಂಬಿ ಶೆಡ್ಡಿನಲ್ಲಿಟ್ಟ. ಮೊದಲನೆಯದು ಮಾತ್ರ ಸದಾ ಸೊಂಟದಲ್ಲಿ, ಪಂಚೆಯ ಗಂಟಿನೊಳಗೆ. ಮುಜಮ್ಮಿಲ್ ಫೋನಿನಲ್ಲಿ ತೆಗೆದ ಫೋಟೊ ಅಲ್ಲಿ ಇಲ್ಲಿ ಸುತ್ತಿ, ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ನಿಖತ್ ಮೇಡಂಗೆ ತಲುಪಿತು. ಒಂದು ಶುಕ್ರವಾರ ಅವರೇ ಬಂದರು. ಗೋಣಿ ಬಿಚ್ಚಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು.

"ಇವು ಶಿಲಾಯುಧ ಕೃಷ್ಣಪ್ಪನೋರೇ. ಎಷ್ಟು ಸಾವಿರ ವರ್ಷದ ಹಿಂದಿನದೋ!"

"ಆಯುಧ ಅಂದ್ರೆ ಕತ್ತಿಯ ಹಾಗಾ ಮೇಡಂ?"

"ಕತ್ತಿ, ಗುದ್ದಲಿ, ಸುತ್ತಿಗೆ, ಅವರಿಗೆ ಎಲ್ಲಾ ಇದೇ." ಕೃಷ್ಣಪ್ಪನ ಎಡಗೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದರು. "ಖಾತ್ರಿ ಹೇಳೋಕಾಗಲ್ಲ. ಆದ್ರೆ ಇದನ್ನ ಮಾಡಿದವನೂ ನಿಮ್ಮ ಹಾಗೆ ಎಡಗೈಯವನೇ ಇರಬಹುದು. ಸೋಮವಾರ ಪುರಾತತ್ವ ಇಲಾಖೆ ಅಧಿಕಾರಿಗಳನ್ನ ಕರ್ಕೊಂಡು ಬರ್ತೀನಿ. ಅಲ್ಲಿವರೆಗೂ ಆ ದರೆ ಮುಟ್ಟಬೇಡಿ."

ಗುಂಡಿಯ ಮೇಸ್ತ್ರಿ ಯೋಗೇಶ್ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ. ಅಧಿಕಾರಿಗಳು ಬಂದರೆ ಗುಂಡಿ ಮುಚ್ಚಿತು ಎಂದೇ ಲೆಕ್ಕ.

ಶನಿವಾರ ಮಧ್ಯಾಹ್ನ ಕೃಷ್ಣಪ್ಪ ಚಾ ಕುಡಿದು ಬರುವಾಗ ಕ್ರಷರಿನ ಸದ್ದು ಬೇರೆಯಾಗಿತ್ತು. ಹೊಳೆಗಲ್ಲು ಗುಡುಗುತ್ತದೆ, ಇದು ಕಿರುಚುತ್ತಿತ್ತು. ಓಡಿದ. ಯೋಗೇಶ್ ಕ್ರಷರಿನ ಬಾಯಿಯ ಪಕ್ಕದ ಹಲಗೆಯ ಮೇಲೆ ನಿಂತು ಬರಿದಾದ ಗೋಣಿಯನ್ನು ಕೊಡವುತ್ತಿದ್ದ.

"ಬಾರೋ ಎಡಚ! ನಿನ್ನ ಆಯುಧ ಎಲ್ಲಾ ಮುಕ್ಕಾಲಿಂಚು ಜಲ್ಲಿ ಆಯ್ತು. ಬಾಂಡ್ಲಿಲಿ ತುಂಬ್ಕೊಂಡು ಹೋಗಿ ಪೂಜೆ ಮಾಡು!"

ಕೃಷ್ಣಪ್ಪ ಮೇಲೆ ಹತ್ತಿ ಅವನ ಕಾಲು ಹಿಡಿದೆಳೆದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಯೋಗೇಶ್ ಅವನ ಕಿವಿ ಕಚ್ಚಿದ, ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದ. ಕೃಷ್ಣಪ್ಪನ ಎಡಗೈ ಸೊಂಟಕ್ಕೆ ಹೋಯಿತು. ಮೊದಲ ಪೆಟ್ಟಿಗೆ ದವಡೆ ಮುರಿದ ಸದ್ದು ಕ್ರಷರಿನ ಗದ್ದಲದಲ್ಲೂ ಕೇಳಿತು. ಎರಡನೆಯದು ಹುಬ್ಬಿನ ಕೆಳಗೆ ಬಿತ್ತು. ಮೂರನೆಯದು, ನಾಲ್ಕನೆಯದು ಎಲ್ಲಿ ಬಿತ್ತೋ ಅವನಿಗೇ ನೆನಪಿಲ್ಲ. ನೆನಪಿರುವುದು ಒಂದೇ: ಕೈತುಂಬ ರಕ್ತವಾದರೂ ಕಲ್ಲು ಜಾರಲಿಲ್ಲ.

"ಸಾಯ್ತಾನೆ ಕೃಷ್ಣಣ್ಣ, ಬಿಡು!" ಎಂದು ಕೂಗಿ ಮುಜಮ್ಮಿಲ್ ಕಬ್ಬಿಣದ ರಾಡಿನಿಂದ ಅವನ ಭುಜಕ್ಕೆ ಬಾರಿಸಿದ ಮೇಲೆಯೇ ಕೈ ನಿಂತದ್ದು.

ಯೋಗೇಶ್ ಸಾಯಲಿಲ್ಲ. ಒಂದು ಕಣ್ಣು ಹೋಯಿತು, ಬಾಯಿ ಸೊಟ್ಟಗಾಯಿತು. ಪೊಲೀಸರು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಒತ್ತಿ, ಚೀಟಿ ಕಟ್ಟಿ ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷಿಯ ವಸ್ತು, ಎಂದು ಕೋರ್ಟಿಗೆ ಒಪ್ಪಿಸಿದರು.

ಜೈಲಿಗೆ ಬಂದ ನಿಖತ್ ಮೇಡಂ ಸಿಟ್ಟಿನಲ್ಲಿ ಕುದಿಯುತ್ತಿದ್ದರು. "ಕಲ್ಲಿಗೋಸ್ಕರ ಮನುಷ್ಯನ ಕಣ್ಣು ತೆಗೆದ್ರಲ್ಲ! ನಾಚಿಕೆ ಆಗಲ್ವಾ ನಿಮಗೆ?" ಅವನು ತಲೆ ತಗ್ಗಿಸಿದ. ಹೊರಡುವಾಗ ಅವರೇ ಹೇಳಿದರು: "ಅಧಿಕಾರಿಗಳು ಬರಿಗೈಯಲ್ಲಿ ವಾಪಸ್ ಹೋದ್ರು. ಗುಂಡಿಯವರು ದರೆ ಅಗೀತಾನೇ ಇದ್ದಾರೆ. ಉಳಿದಿರೋದು ಕೋರ್ಟಿನಲ್ಲಿರೋದು ಒಂದೇ. ಅದು ಮನುಷ್ಯ ಮಾಡಿದ್ದು ಅಂತ ಕೋರ್ಟಿನ ಕಾಗದದಲ್ಲಿ ಒಂದು ಸಾಲು ಬಂದ್ರೆ ಗುಂಡಿ ನಿಲ್ಲಿಸಬಹುದು."

ಕೃಷ್ಣಪ್ಪನ ವಕೀಲ ವೆಂಕಟರಾಮ ಅದನ್ನು ಕೇಳಿ ಹಣೆ ಚಚ್ಚಿಕೊಂಡರು. "ನೋಡು ಮಾರಾಯ. ಕೈಗೆ ಸಿಕ್ಕಿದ ಕಲ್ಲು ಅಂದ್ರೆ ಸಿಟ್ಟಿನ ಭರದ ಪೆಟ್ಟು, ಒಂದೆರಡು ವರ್ಷಕ್ಕೆ ಮುಗೀತದೆ. ಸೊಂಟದಲ್ಲಿ ಆಯುಧ ಇಟ್ಕೊಂಡು ಹೋಗಿದ್ದೆ ಅಂದ್ಯೋ, ಏಳೆಂಟು ವರ್ಷ ಒಳಗೆ. ಬಾಯಿ ಮುಚ್ಕೊಂಡು ನಿಂತ್ಕೋ, ಸಾಕು."

ಕೃಷ್ಣಪ್ಪ ಒಪ್ಪಿದ. ಮನೆಯಲ್ಲಿ ಹೆಂಡತಿ ಅಂಜನಮ್ಮ ಒಬ್ಬಳೇ, ಎಸ್ಟೇಟಿನಲ್ಲಿ ಕಾಫಿ ಕೊಯ್ದು ಹೊಟ್ಟೆ ಹೊರೆಯುತ್ತಿದ್ದಳು.

ಕೋರ್ಟಿನಲ್ಲಿ ಯೋಗೇಶನ ಕಣ್ಣಿನ ಗುಳಿ ನೋಡಿ ಕೃಷ್ಣಪ್ಪ ಮುಖ ತಿರುಗಿಸಿದ. ಮೇಜಿನ ಮೇಲೆ ಕಲ್ಲಿತ್ತು, ರಕ್ತ ಕಪ್ಪಾಗಿತ್ತು.

"ಇದು ಎಂಥ ಕಲ್ಲು?" ಎಂದು ವೆಂಕಟರಾಮ ಯೋಗೇಶನನ್ನು ಕೇಳಿದರು.

"ಜಲ್ಲಿ ಕಲ್ಲು," ಎಂದ ಯೋಗೇಶ್ ಸೊಟ್ಟ ಬಾಯಲ್ಲಿ. ಗುಂಡಿಯ ಧಣಿ ಹಿಂದಿನ ಬೆಂಚಿನಲ್ಲೇ ಕೂತಿದ್ದರು. "ನಮ್ಮಲ್ಲಿ ಲಾರಿಗಟ್ಟಲೆ ಉಂಟು."

ವಕೀಲರಿಗೆ ಬೇಕಾದದ್ದೂ ಅದೇ, ಧಣಿಗೆ ಬೇಕಾದದ್ದೂ ಅದೇ. ಹೊಡೆಸಿಕೊಂಡವನೂ ಹೊಡೆದವನ ವಕೀಲರೂ ಒಂದೇ ಮಾತು ಆಡುತ್ತಿದ್ದರು. ನ್ಯಾಯಾಧೀಶರು ಕೃಷ್ಣಪ್ಪನ ಕಡೆ ನೋಡಿದರು. "ನೀನು ಏನಾದರೂ ಹೇಳುವುದಿದೆಯಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಯೋಗೇಶ್ ಧಣಿಯ ಕಡೆ ನೋಡಿ ಸಣ್ಣಗೆ ನಕ್ಕ. ಕೃಷ್ಣಪ್ಪನ ತಲೆಗೆ ರಕ್ತ ನುಗ್ಗಿತು. ಕಟಕಟೆಗೆ ಎಡಗೈ ಗುದ್ದಿದ ರಭಸಕ್ಕೆ ಹಲಗೆ ಅದುರಿತು.

"ಸುಳ್ಳು ಸ್ವಾಮಿ! ಜಲ್ಲಿ ಅಲ್ಲ. ಹೊಡೆದದ್ದು ನಾನೇ, ಶಿಕ್ಷೆ ಕೊಡಿ. ಆದ್ರೆ ಅದನ್ನ ಜಲ್ಲಿ ಅನ್ಬೇಡಿ. ಅದು ಆಯುಧ! ಈಚೆಯಿಂದ ಎರಡು ಪೆಟ್ಟು, ಆಚೆಯಿಂದ ಒಂದು, ನೋಡಿ ಬೇಕಾದ್ರೆ. ಕೂತು ಮಾಡಿದ್ದು ಅದನ್ನ, ನನ್ನ ಹಾಗಿನವನು!"

ವೆಂಕಟರಾಮ ಫೈಲು ಮುಚ್ಚಿದರು. ನ್ಯಾಯಾಧೀಶರು ಮಾತನ್ನು ಹಾಗೇ ಬರೆಸಿದರು. ಗುಮಾಸ್ತ ಕಾಗದ, ಶಾಯಿ ಪ್ಯಾಡು ತಂದು, "ಹೆಬ್ಬೆಟ್ಟಾ? ಎಡಗೈ ಕೊಡು," ಎಂದ. ಐವತ್ತು ವರ್ಷದಲ್ಲಿ ಆ ಕೈಯನ್ನು ಕೇಳಿ ಪಡೆದವನು ಅವನೊಬ್ಬನೇ.

ಏಳು ವರ್ಷ ಬಿತ್ತು. ತೀರ್ಪಿನ ಕಾಗದದಲ್ಲಿ 'ಶಿಲಾಯುಧ' ಎಂಬ ಪದವೂ ಬಿತ್ತು. ನಿಖತ್ ಮೇಡಂ ಅದರ ನಕಲಿಗೆ ಅಂದೇ ಅರ್ಜಿ ಹಾಕಿದರು.

ಕೋರ್ಟಿನ ಮೆಟ್ಟಿಲ ಬಳಿ ಅಂಜನಮ್ಮ ಕಾದಿದ್ದಳು. "ಒಂದು ಸಲ ಸುಮ್ಮನೆ ನಿಂತಿದ್ರೆ ನಿಮ್ಮ ಗಂಟಲು ಹರಿದು ಹೋಗ್ತಿತ್ತಾ?"

"ಜಲ್ಲಿ ಆಗಿದ್ರೆ ನಿಲ್ತಿದ್ದೆ ಕಣೆ."

ಅವಳು ಕೈಯಲ್ಲಿದ್ದ ಡಬ್ಬಿಯನ್ನು ಅವನ ಎದೆಗೆ ಬೀಸಿ ಒಗೆದಳು. ಕಡುಬು ಮೆಟ್ಟಿಲ ತುಂಬ ಉರುಳಿದವು. ಪೊಲೀಸರು ನಕ್ಕರು. ಕೃಷ್ಣಪ್ಪ ಕೋಳದ ಕೈಯಲ್ಲೇ ಬಗ್ಗಿ ಒಂದನ್ನು ಹೆಕ್ಕಿ, ಮಣ್ಣು ಊದಿ, ಎಲ್ಲರೆದುರು ಎಡಗೈಯಲ್ಲಿ ತಿಂದ.