ಒಬ್ಬ ಹುಡುಗಿಗೆ ಎರಡು ಎಲೆ ಅಡಿಕೆ

ನಮ್ಮ ಕಬಡ್ಡಿ ಮೇಡಂ ಅವರ ಬಲಗೈ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅವರು ಒಬ್ಬಳತ್ತ ಕೈಮಾಡಿ ಬೈದರೆ ಪಕ್ಕದವಳೂ ತಲೆ ತಗ್ಗಿಸುತ್ತಿದ್ದಳು. ಹೊಸಪೇಟೆಯ ಕಾಲೇಜೊಂದರ ತಂಡಕ್ಕೆ ಹುಡುಗಿಯರನ್ನು ಹುಡುಕುತ್ತ ಬೇಸಿಗೆಯಿಡೀ ಸ್ಕೂಟಿಯಲ್ಲಿ ಕಂಪ್ಲಿ, ಸಂಡೂರು ಸುತ್ತುತ್ತಿದ್ದರು.

ನನ್ನದು ಸಂಡೂರು ತಾಲ್ಲೂಕಿನ ವಡ್ಡು. ಪಿಯುಸಿ ಮುಗಿದ ವರ್ಷ ನಮ್ಮ ಮನೆಗೂ ಬಂದರು. ಕ್ರೀಡಾ ಕೋಟಾದ ಸೀಟು ಕೊಡಿಸುವುದಾಗಿ ಹೇಳಿ ಅಪ್ಪನ ಕೈಗೆ ಎಲೆ ಅಡಿಕೆ ಇಟ್ಟರು. ನಮ್ಮಲ್ಲಿ ಎಲೆ ಅಡಿಕೆ ತೆಗೆದುಕೊಂಡರೆ ಮಾತು ಮುಗಿದಂತೆ. ಹೆಣ್ಣು ಗೊತ್ತುಮಾಡುವುದೂ ಹಾಗೆಯೇ. ತಿಂಗಳೊಳಗೆ ಬೇರೆ ಊರಿನ ದೊಡ್ಡ ಕಾಲೇಜಿನವರು ಬಂದರು. ಅಪ್ಪ ಮನೆಯಲ್ಲಿರಲಿಲ್ಲ. ಏನೂ ಗೊತ್ತಿಲ್ಲದ ದೊಡ್ಡಪ್ಪ ಅವರ ಎಲೆ ಅಡಿಕೆಯನ್ನೂ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೇಬಿಟ್ಟ. ಊರೆಲ್ಲ ನಕ್ಕಿತು. ನನಗೆ ಅನ್ನ ಸೇರಲಿಲ್ಲ.

ಸುದ್ದಿ ತಿಳಿದು ಮೇಡಂ ಬಂದರು. ಅಪ್ಪ ಕೈಮುಗಿದು, "ತಪ್ಪಾತ್ರಿ ಮೇಡಂ," ಎಂದ.

"ಎಲಿ ಅಡಿಕಿ ತಗಂಡೋರು ನೀವ್ರಿ. ಆಡಾಕಿ ಈಕಿ," ಎಂದು ನನ್ನ ಕಡೆ ತಿರುಗಿದರು. "ನೀ ಹೇಳಲೇ, ಎಲ್ಲಿ ಆಡ್ತಿ?"

ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಹೊಸಪೇಟೆಯಲ್ಲಿದ್ದದ್ದು ಮಣ್ಣಿನ ಅಂಕಣ. ಮ್ಯಾಟಿನ ಮೇಲೆ ಆಡುವ ಆಸೆಗೆ ದೊಡ್ಡ ಕಾಲೇಜಿನ ಹೆಸರು ಹೇಳಿದೆ.

"ಭಾಳ ಚಲೋ," ಎಂದು ಚಹಾ ಕುಡಿದು ಹೋದರು.

ಸೇರುವ ದಿನ ಆ ಕಾಲೇಜಿನವರು, ನನಗಿಂತ ಗೇಣು ಎತ್ತರದವಳು ಸಿಕ್ಕಿದ್ದಾಳೆ, ಸೀಟಿಲ್ಲ ಎಂದರು. ಬಸ್ಸು ಹತ್ತಿ ಊರಿಗೆ ಹೋಗದೆ ಹೊಸಪೇಟೆಯಲ್ಲಿ ಇಳಿದೆ. ಮೇಡಂ ಅಂಕಣಕ್ಕೆ ನೀರು ಚಿಮುಕಿಸುತ್ತಿದ್ದರು.

"ಸೀಟು ಖಾಲಿ ಐತೇನ್ರಿ?"

"ಇಲ್ಲ. ನಿನ್ನ ಹೆಸರು ಬರದೀನಿ. ಮದ್ಲು ಉಂಡು ಬಾ."

ಆ ವರ್ಷದ ಫೈನಲ್‌ನಲ್ಲಿ ಎದುರಿಗೆ ಅದೇ ದೊಡ್ಡ ಕಾಲೇಜು. ನಾವು ಒಂದು ಅಂಕ ಮುಂದಿದ್ದೆವು. ಕೊನೆಯ ರೈಡಿಗೆ ಬಂದವಳು ಆ ಎತ್ತರದ ಹುಡುಗಿ. ಮೂಲೆಯಿಂದ ಹಾರಿ ಕಾಲು ಹಿಡಿದೆ. ನನ್ನನ್ನೂ ಎಳೆದುಕೊಂಡು ಗೆರೆಯತ್ತ ಹೋದಳು. ಗೆರೆ ಮುಟ್ಟಗೊಡದೆ, ಸೀಟಿ ಊದುವವರೆಗೆ ಕಾಲು ಬಿಡಲಿಲ್ಲ. ಅಂಥ ಸಂತೋಷ ನಾನು ಮತ್ತೆ ಕಂಡಿಲ್ಲ.

ಕಪ್ ಹಿಡಿದು ಹೊರಡುವಾಗ ಕೇಳಿದೆ, "ನನ್ನ ಹೆಸರು ಯಾಕ ಹೊಡದು ಹಾಕಲಿಲ್ರಿ?"

"ಹದಿನೇಳು ವರ್ಷದಾಗ ನಿನ್ನ ಯಾರರ ಕೇಳಿದ್ದು ಅದ ಮೊದಲ್ನೇ ಸಲ. ಒಂದ್ಸಲಕ್ಕ ಸರಿ ಹೇಳಬೇಕಂದ್ರ ಹೆಂಗ?"

ಅವರು ನಿವೃತ್ತರಾಗಿದ್ದಾರೆ. ಈಗ ತಂಡ ನನ್ನ ಕೈಯಲ್ಲಿದೆ. ಯಾವ ಮನೆಗೆ ಹೋದರೂ ನಾನು ಮೊದಲು ಮಾತಾಡಿಸುವುದು ಹುಡುಗಿಯನ್ನು.