ಜೈಲಿನವರು ಎಸೆದ ಪ್ರಾರ್ಥನೆಯ ಪುಸ್ತಕ

ಕೋರ್ಟಿನ ಗೇಟಿನೆದುರು ಮೇಜು ಹಾಕಿಕೊಂಡು ಕಂಡವರ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಿದ್ದ ಟೈಪಿಸ್ಟಕ್ಕ, ಸರ್ಕಾರದ ಮೇಲೆ ತನ್ನ ಮನೆಯದೇ ದಾವೆ ಟೈಪ್ ಮಾಡುವ ದಿನ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಲಾರಿ ಓಡಿಸುತ್ತಿದ್ದ ಅವಳ ತಮ್ಮ ಜಗಳದಲ್ಲಿ ಒಬ್ಬನ ಕೈ ಮುರಿದು ಎರಡು ವರ್ಷ ಜೈಲು ಸೇರಿದ್ದ. ತಪ್ಪು ಅವನದೇ, ಅಕ್ಕ ಅದನ್ನು ಯಾರೆದುರೂ ಮುಚ್ಚಿಡಲಿಲ್ಲ. ಒಳಗೆ ಅವನಿಗೆ ಆಸರೆಯಾಗಿದ್ದದ್ದು ಅಮ್ಮ ಕೊಟ್ಟ ಪ್ರಾರ್ಥನೆಯ ಪುಸ್ತಕ. ಹೊಸದಾಗಿ ಬಂದ ಸೂಪರಿಂಟೆಂಡೆಂಟ್ ಕೋಣೆಗಳನ್ನು ಜಾಲಾಡಿಸಿ, ಅದನ್ನೂ ರದ್ದಿಯೆಂದು ಎಸೆಸಿದ. ಪುಸ್ತಕ ಇಟ್ಟುಕೊಳ್ಳಲು ಹಿಂದಿನ ಸೂಪರಿಂಟೆಂಡೆಂಟ್ ಕೊಟ್ಟಿದ್ದ ಅನುಮತಿ ಚೀಟಿ ತೋರಿಸಿದ ತಪ್ಪಿಗೆ ತಮ್ಮನಿಗೆ ಹನ್ನೊಂದು ದಿನ ಒಂಟಿ ಕೋಣೆ. ಅದೇ ದಿನಗಳಲ್ಲಿ ಅಮ್ಮ ತೀರಿಕೊಂಡಳು. ಅವಳಿಗಾಗಿ ಹೇಳಬೇಕಿದ್ದ ಪ್ರಾರ್ಥನೆ ಅವನಿಗೆ ಪೂರ್ತಿ ಬಾಯಿಪಾಠವಿರಲಿಲ್ಲ.

"ಅರ್ಧಕ್ಕೇ ನಿಂತುಹೋಯ್ತಕ್ಕ," ಎಂದು ಜಾಲರಿಯಾಚೆ ಅವನು ಬಿಕ್ಕಿದಾಗ ಅಕ್ಕ ಅಳಲಿಲ್ಲ.

"ಆ ಚೀಟಿ ಇದೆಯಾ? ಜೋಪಾನವಾಗಿ ಇಟ್ಕೋ," ಎಂದಳು.

ತಮ್ಮನ ಹೆಸರಲ್ಲಿ ಅಕ್ಕ ತಾನೇ ಟೈಪ್ ಮಾಡಿ ಹಾಕಿಸಿದ ಪರಿಹಾರದ ದಾವೆ ವಿಚಾರಣೆಗೆ ಬರುವಷ್ಟರಲ್ಲಿ ಅವನು ಬಿಡುಗಡೆಯಾಗಿದ್ದ. ಸರ್ಕಾರಿ ವಕೀಲರು ಅದನ್ನೇ ಹಿಡಿದುಕೊಂಡರು: "ಈಗ ಹೊರಗಿದ್ದಾನಲ್ಲ ಸ್ವಾಮಿ, ಎಷ್ಟು ಬೇಕಾದರೂ ಪ್ರಾರ್ಥನೆ ಮಾಡಲಿ. ಪರಿಹಾರ ಯಾತಕ್ಕೆ?" ದಾವೆ ವಜಾ ಆಯಿತು.

ತಮ್ಮ ಕೈಚೆಲ್ಲಿದ. "ಬಿಡಕ್ಕ, ಸರ್ಕಾರದ ಜೊತೆ ಗುದ್ದಾಡೋಕಾಗುತ್ತಾ?"

"ನೀನು ಮಾಡಿದ್ದಕ್ಕೆ ನೀನು ಎರಡು ವರ್ಷ ಅನುಭವಿಸಿದೆ. ಅವರು ಮಾಡಿದ್ದಕ್ಕೆ ಅವರೂ ಉತ್ತರ ಹೇಳಲಿ. ಎದ್ದು ಪೇಪರ್ ತಗೊಂಡು ಬಾ."

ಮೇಲ್ಮನವಿ ನಾಲ್ಕು ವರ್ಷ ಎಳೆಯಿತು. ನಡುವೆ ಜೈಲು ಇಲಾಖೆಯ ಇಬ್ಬರು ಮನೆಗೇ ಬಂದು, ಹೊಸ ಪುಸ್ತಕ ಕೊಡಿಸುತ್ತೇವೆ, ಕೇಸು ವಾಪಸು ತೆಗೆದುಕೊಳ್ಳಿ ಎಂದರು.

"ತಪ್ಪಾಯಿತು ಅಂತ ಬರೆದುಕೊಡಿ ಸಾರ್," ಎಂದಳು ಅಕ್ಕ. "ಬೇಕಿದ್ರೆ ನಾನೇ ಪುಕ್ಕಟೆ ಟೈಪ್ ಮಾಡಿಕೊಡ್ತೀನಿ."

ಬಂದವರು ಮುಖ ಹುಳ್ಳಗೆ ಮಾಡಿಕೊಂಡು ಎದ್ದರು.

ಕೊನೆಗೂ ಮೇಲಿನ ಕೋರ್ಟು ತೀರ್ಪು ಕೊಟ್ಟಿತು: ಕೈದಿ ಹೊರಬಂದ ಮಾತ್ರಕ್ಕೆ ಜೈಲಿನೊಳಗೆ ಆದ ಅನ್ಯಾಯ ಅಳಿಸಿಹೋಗದು, ಅವನ ನಂಬಿಕೆಗೆ ಕೈಹಾಕಿದ್ದಕ್ಕೆ ಸರ್ಕಾರವೇ ಪರಿಹಾರ ಕೊಡಬೇಕು. ಸಿಕ್ಕಿದ್ದು ಲಾರಿಗೆ ನಾಲ್ಕು ಟೈರು ಬರುವಷ್ಟು. ಪುಸ್ತಕ ಮಾತ್ರ ಸಿಗಲೇ ಇಲ್ಲ.

ತೀರ್ಪಿನ ನಕಲು ಕೈಗೆ ಬಂದ ದಿನ ಅಕ್ಕ ಅದನ್ನು ಎರಡು ಸಲ ಓದಿದಳು. "ಪ್ರತಿವಾದಿಯ ತಪ್ಪು" ಎಂಬಲ್ಲಿ ಬೆರಳಿಟ್ಟು ತಮ್ಮನಿಗೆ ತೋರಿಸಿದಳು. ಆಮೇಲೆ ಕಾಯುತ್ತಿದ್ದ ಗಿರಾಕಿಗಳಿಗೆ "ನಾಳೆ ಬನ್ನಿ" ಎಂದು, ಮಧ್ಯಾಹ್ನಕ್ಕೇ ಮಿಷನ್ನಿಗೆ ಮುಸುಕು ಹಾಕಿ ಮನೆಗೆ ಹೋಗಿ, ಕತ್ತಲಾಗುವ ತನಕ ಹಾಯಾಗಿ ಮಲಗಿದಳು.