ಎದುರುಮನೆ ಅಂಕಲ್ ಮಾಡಿದ ಸೇವೆ

ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಹಳೆಯ ಕುಕ್ಕರಿನ ಹಿಂದೆ ಎರಡು ಪುಟ್ಟ ಚೀಲಗಳು ಸಿಕ್ಕವು. ಹಳೇ ಜೀನ್ಸ್ ಬಟ್ಟೆಯಲ್ಲಿ ಹೊಲಿದು, ಮರಳು ತುಂಬಿ, ಕಾಲಿಗೆ ಕಟ್ಟಿಕೊಳ್ಳಲು ಲಾಡಿ ಇಟ್ಟಿದ್ದವು. ಹೊಲಿದು ನಮ್ಮ ಮನೆಯಲ್ಲೇ ಬಚ್ಚಿಡಲು ಕೊಟ್ಟವರು ತ್ಯಾಗರಾಜನಗರದ ನಮ್ಮ ಎದುರುಮನೆ ಆಂಟಿ. ಆದರೆ ಚೀಲ ಕೈಗೆ ಬಂದೊಡನೆ ಮೊದಲು ನೆನಪಾದದ್ದು ಅವರ ಗಂಡ... ಮೈ ಉರಿಯಿತು.

ಅಂಕಲ್ ಬ್ಯಾಂಕಿನಿಂದ ರಿಟೈರ್ ಆದವರು. ಆಂಟಿಗೆ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೆಂಡತಿಗೆ ಒಂದು ಲೋಟ ಎತ್ತಲೂ ಅಂಕಲ್ ಬಿಡುತ್ತಿರಲಿಲ್ಲ. ತಲೆ ಬಾಚುತ್ತಿದ್ದರು, ಬಚ್ಚಲಿಗೆ ಹಿಡಿದು ನಡೆಸುತ್ತಿದ್ದರು. 'ಇಂಥ ಗಂಡ ಸಿಗಬೇಕು' ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಲಿಕ್ಕೆಂದೇ ಅವರು ಗೇಟಿನ ಬಳಿ ನಿಂತು ಹೆಂಡತಿಯ ಸುಸ್ತನ್ನು ಹೋಗಿಬರುವವರಿಗೆಲ್ಲ ವರ್ಣಿಸುತ್ತಿದ್ದರು.

ಡಯಾಲಿಸಿಸ್ ಸೆಂಟರಿನ ಫಿಸಿಯೋಥೆರಪಿ ಹುಡುಗಿ ಆಂಟಿಯ ತೊಡೆ ಮುಟ್ಟಿ ನೋಡಿ, ಈ ಕಾಯಿಲೆಯಲ್ಲಿ ಮಾಂಸಖಂಡ ಕರಗುತ್ತಾ ಹೋಗುತ್ತದೆ, ಮಲಗಿಯೇ ಇದ್ದರೆ ಇನ್ನೂ ಬೇಗ ಕರಗುತ್ತದೆ ಎಂದಿದ್ದಳಂತೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕಾಲಿಗೆ ಸ್ವಲ್ಪ ಭಾರ ಕಟ್ಟಿ ಎತ್ತುವುದು, ಇಷ್ಟೇ ಅವಳು ಹೇಳಿಕೊಟ್ಟದ್ದು. ಡಾಕ್ಟರೂ ಒಪ್ಪಿದ್ದರು. ಅಂಕಲ್ ನಕ್ಕುಬಿಟ್ಟರು.

"ಬದುಕಿರೋದೇ ಹೆಚ್ಚು, ಇವಳಿಗೆ ಜಿಮ್ ಬೇರೆ ಕೇಡು."

ಅಂಕಲ್ ಪಾರ್ಕಿಗೆ ಹೋದಾಗ ಆಂಟಿ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬರತೊಡಗಿದರು. "ನಂಗೆ ಬೇರೇನೂ ಬೇಡ ಕಣೇ. ಬಚ್ಚಲಲ್ಲಿ ಯಾರೂ ಎತ್ತದೆ ಎದ್ರೆ ಸಾಕು," ಅಂದರು. ಊಟದ ಮೇಜಿನ ಕುರ್ಚಿಯೊಂದನ್ನು ನಡುಮನೆಗೆ ಎಳೆದು ಗೋಡೆಗೆ ಒತ್ತಿಟ್ಟೆ. ಮೊದಲ ದಿನ ಒಮ್ಮೆಯೂ ಏಳಲಾಗಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಕೈಗಳನ್ನು ಎದೆಗೆ ಕಟ್ಟಿಕೊಂಡು, ತುಟಿ ಕಚ್ಚಿ, ಎಂಟು ಸಲ ಎದ್ದರು.

ಅದೇ ದಿನ ಅಂಕಲ್ ಬೇಗ ವಾಪಸಾಗಿ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಏನಿದು ಸರ್ಕಸ್ಸು? ನಾನು ಇಷ್ಟು ನೋಡ್ಕೊಳ್ತಿರೋದು ಸಾಲಲ್ವಾ?"

"ಇವತ್ತು ಎಂಟು ಸಲ ಎದ್ದೆ ರೀ," ಎಂದರು ಆಂಟಿ, ಇನ್ನೂ ಏದುಸಿರಿನಲ್ಲೇ.

ಅಂಕಲ್ ಮುಖ ಕಪ್ಪಿಟ್ಟಿತು. ತಮ್ಮ ಕೆಲಸವನ್ನು ಯಾರೋ ಕಸಿದುಕೊಂಡಂತೆ ನೋಡಿ, ಹೆಂಡತಿಯ ರಟ್ಟೆ ಹಿಡಿದು ಹೊರಟರು. ಆಂಟಿ ಒಮ್ಮೆ ನನ್ನತ್ತ ತಿರುಗಿ ನೋಡಿದರು. ನನ್ನ ಬಾಯಿಂದ ಬಂದದ್ದು "ಸಾರಿ ಅಂಕಲ್" ಅಷ್ಟೇ.

ಮರುದಿನ ಅವರು ಸೆಂಟರಿಗೆ ಹೋಗಿ ಆ ಹುಡುಗಿಯನ್ನೂ ಎಲ್ಲರೆದುರು ಬೈದು ಬಂದರು. ಆಂಟಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಕಾಲುಗಳು ಒಣಗಿಹೋಗಿದ್ದವು. ಒಂದು ಬೆಳಿಗ್ಗೆ, ಅಂಕಲ್ ಹಾಲು ತರಲು ಹೋದ ಹತ್ತೇ ನಿಮಿಷದಲ್ಲಿ, ಒಬ್ಬರೇ ಬಚ್ಚಲಿಗೆ ಹೋಗಲು ಎದ್ದು ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ವಾಪಸು ಬರಲಿಲ್ಲ...

ವೈಕುಂಠ ಸಮಾರಾಧನೆಯ ದಿನ ನೆಂಟರು ಒಬ್ಬರಾದ ಮೇಲೊಬ್ಬರು ಅಂಕಲ್ ಸೇವೆಯನ್ನು ಹೊಗಳಿದರು. ಅವರು ಕಣ್ಣೊರೆಸಿಕೊಳ್ಳುತ್ತಾ, ಒಂದು ಹೊಗಳಿಕೆಯನ್ನೂ ಬೇಡವೆನ್ನದೆ ಕೇಳಿಸಿಕೊಂಡರು. "ಒಂದು ದಿನಾನೂ ಅವಳ ಕೈಕಾಲಿಗೆ ಕೆಲಸ ಕೊಡ್ಲಿಲ್ಲ ನಾನು," ಎಂದರು. ಆ ಮನುಷ್ಯ ಬಾಯಿಬಿಟ್ಟು ಹೇಳಿದ ಒಂದೇ ಒಂದು ನಿಜ ಅದು.

ಆಮೇಲೆ ಅವರು ಮನೆ ಮಾರಿ ಉತ್ತರಹಳ್ಳಿ ಕಡೆ ಹೋದರು. ಹೋದ ವರ್ಷ ತೀರಿಕೊಂಡರೆಂದು ಗೊತ್ತಾಯಿತು. ನಾನು ನೋಡಲು ಹೋಗಲಿಲ್ಲ. ಅವರನ್ನು ಹೀಗಳೆಯುವುದು ಈಗಲೂ ನನಗೆ ಸುಲಭ, ಒಂದು ಥರ ಸುಖವೂ ಹೌದು. ಆದರೆ ಅಂದು ಬಾಗಿಲಲ್ಲಿ ಆಂಟಿ ತಿರುಗಿ ನೋಡಿದ್ದು ತಮ್ಮ ಪರವಾಗಿ ನನ್ನಿಂದ ಒಂದು ಮಾತು ಬಂದೀತೆಂದು. ಎಷ್ಟೋ ಸಲ ಒಬ್ಬಳೇ ಇದ್ದಾಗ ಆ ಮಾತನ್ನು ಜೋರಾಗಿಯೇ ಆಡಿದ್ದೇನೆ. ಕೇಳಲು ಆಂಟಿ ಇಲ್ಲ.